ಹಪ್ಪಳದ ಬಯಲಿಗೆ ಇಳಿದ ವಿಮಾನ

ನಮ್ಮ ಊರಿನಿಂದ ಹೊರಡುವವರು ಗಡಿಕಲ್ಲಿನ ಹತ್ತಿರ ನಿಂತು 'ಬರ್ತೀನಿ' ಅನ್ನಬೇಕು. ಎಲ್ಲ ಊರಿನಲ್ಲೂ ಹಾಗೇ ಅನ್ನುತ್ತಾರೆ, ಹೋಗ್ತೀನಿ ಅಂದರೆ ಹಿರಿಯರು ಬೈಯುತ್ತಾರೆ, ಅದರಲ್ಲೇನು ವಿಶೇಷ ಅಂತ ನೀವು ಕೇಳಬಹುದು. ನಮ್ಮಲ್ಲಿ ಅದನ್ನು ಮನಸ್ಸಿನಿಂದ ಅನ್ನಬೇಕು. ಬಾಯಲ್ಲಿ ಬರ್ತೀನಿ ಅಂದು, ಒಳಗೊಳಗೆ 'ಇನ್ನು ಈ ಕಡೆ ತಲೆ ಹಾಕಿಯೂ ಮಲಗುವುದಿಲ್ಲ' ಅಂದುಕೊಂಡವರ ಕಾಲು ಆ ಕಲ್ಲನ್ನು ದಾಟುವುದಿಲ್ಲ. ಎತ್ತಿದ ಹೆಜ್ಜೆ ಎತ್ತಿದ ಜಾಗದಲ್ಲೇ ಇಳಿಯುತ್ತದೆ.

ನಮಗೆಲ್ಲ ಇದು ಅಭ್ಯಾಸವಾಗಿಬಿಟ್ಟಿದೆ. ಬೇರೆ ಊರಿಗೆ ಮದುವೆಯಾಗಿ ಹೋಗುವ ಹೆಣ್ಣುಮಕ್ಕಳು ತವರಿನಲ್ಲಿ ಅರ್ಧ ಹೊಲಿದ ಕೌದಿಯೊಂದನ್ನು ಬಿಟ್ಟು ಹೋಗುತ್ತಾರೆ. ಬಳೆ ಮಾರುವವನು ಬೇಕೆಂದೇ ಒಂದು ಡಜನ್ ಬಳೆ ಮರೆಯುತ್ತಾನೆ. ಬಸ್ಸಿನ ಡ್ರೈವರಿಗೆ ಹೇಗೂ ನಾಳೆ ಡ್ಯೂಟಿ ಇದ್ದೇ ಇರುತ್ತದೆ. ಸ್ಮಶಾನವನ್ನು ಮಾತ್ರ ಹಿರಿಯರು ಗಡಿಯ ಒಳಗೇ ಮಾಡಿಟ್ಟಿದ್ದಾರೆ. ಆ ತಂಟೆ ಯಾರಿಗೆ ಬೇಕು. ಸಿಕ್ಕಿಬಿದ್ದವರೂ ಇಲ್ಲದಿಲ್ಲ. ಹಿಟ್ಟಿನ ಗಿರಣಿಯ ಚೆನ್ನವೀರಪ್ಪನವರು ಹತ್ತೊಂಬತ್ತು ವರ್ಷದ ಹಿಂದೆ ಜೀಪಿನಲ್ಲಿ ವೋಟು ಕೇಳಲು ಬಂದವರು. ಹೊರಡುವಾಗ ಕಲ್ಲಿನ ಹತ್ತಿರ ಕೈಮುಗಿದು, "ಗೆದ್ದ ಮೇಲೆ ಮತ್ತೆ ಬರ್ತೀನಿ, ನಿಮ್ಮ ಕಷ್ಟಸುಖ ಕೇಳ್ತೀನಿ" ಅಂದರು. ಜೀಪು ಹೋಯಿತು, ಅವರು ಉಳಿದರು. ಆ ಸಲ ಗೆದ್ದರು ಕೂಡ. ಪ್ರಮಾಣವಚನಕ್ಕೆ ಹೋಗಲಾಗಲಿಲ್ಲ. ಈಗ ನಮ್ಮ ಕಷ್ಟಸುಖವನ್ನೆಲ್ಲ ಗಿರಣಿಯಲ್ಲೇ ಕೂತು ಕೇಳುತ್ತಾರೆ, ನನ್ನ ಉದ್ದಿನಬೇಳೆ ನುಣ್ಣಗೆ ಬೀಸಿ ಕೊಡುತ್ತಾರೆ.

ನಾನು ಸಾವಂತ್ರಮ್ಮ. ಕೆರೆಯ ಹಿಂದಿನ ಬಯಲಿನಲ್ಲಿ ಹಪ್ಪಳ ಒಣಗಿಸುವುದು ನನ್ನ ಕೆಲಸ. ಬಿಳಿ ಪಂಚೆಗಳನ್ನು ಒಂದರ ತುದಿಗೆ ಒಂದು ಜೋಡಿಸಿ ಉದ್ದಕ್ಕೆ ಎರಡು ಸಾಲು ಹಾಸುತ್ತೇನೆ, ನಡುವೆ ಓಡಾಡುವುದಕ್ಕೆ ದಾರಿ. ಕಾಗೆ ಬರದಿರಲಿ ಅಂತ ಕೊನೆಯಲ್ಲಿ ಒಂದು ಬಿದಿರಿನ ಗಳುವಿಗೆ ಕೆಂಪು ಬಟ್ಟೆ ಕಟ್ಟಿರುತ್ತೇನೆ. ವಾರಕ್ಕೆರಡು ಸಲ ಸಾಮಾನು ಸಾಗಿಸುವ ಸಣ್ಣ ವಿಮಾನವೊಂದು ನಮ್ಮ ತಲೆಯ ಮೇಲೆ ಹಾದು ಎಲ್ಲಿಗೋ ಹೋಗುತ್ತದೆ. ಅದು ಹೋದ ಕೂಡಲೇ ಹಪ್ಪಳ ಮಗುಚಿ ಹಾಕುವುದು ನನ್ನ ಪದ್ಧತಿ. ಅದಕ್ಕೂ ನನಗೂ ಅಷ್ಟೇ ಸಂಬಂಧವಿದ್ದದ್ದು.

ಆ ಸೋಮವಾರ ಬೆಳಗ್ಗೆ ಹತ್ತು ಗಂಟೆಗೆ ಅದು ಬಂದಾಗ ಸದ್ದು ಬೇರೆಯಾಗಿತ್ತು. ಗಿರಣಿಯ ಬೆಲ್ಟು ಜಾರಿದರೆ ಕೇಳಿಸುತ್ತದಲ್ಲ, ಹಾಗೆ ಕೆಮ್ಮುತ್ತಿತ್ತು. ಊರ ಮೇಲೆ ಒಂದು ಸುತ್ತು ಹೊಡೆದು ನನ್ನ ಕಡೆಗೇ ಮೂತಿ ತಿರುಗಿಸಿತು. ಎಡಗಡೆ ನೀರಿಲ್ಲದ ಕೆರೆಯಂಗಳ ಅಂಗೈಯಂತೆ ಸಮವಾಗಿ, ಖಾಲಿಯಾಗಿ ಬಿದ್ದಿತ್ತು. ಅದನ್ನು ಬಿಟ್ಟು ನನ್ನ ಹಪ್ಪಳದ ಮೇಲೆ ಕಣ್ಣು. ನಾನು ಗಳು ಕಿತ್ತುಕೊಂಡು ಕಾಗೆ ಓಡಿಸಿದ ಹಾಗೆ ಕೆಂಪು ಬಟ್ಟೆ ಬೀಸಿದೆ. ಬೀಸಿದಷ್ಟೂ ಅದು ಇನ್ನಷ್ಟು ಬಗ್ಗಿತು.

ಚಕ್ರ ನೆಲ ಮುಟ್ಟಿದ್ದನ್ನು ನೋಡಿದೆ. ಆಮೇಲೆ ನೋಡಿದ್ದೆಲ್ಲ ಹಪ್ಪಳ. ಎರಡು ಸಾವಿರದ ನಾನೂರು ಹಪ್ಪಳ ಒಟ್ಟಿಗೆ ಎದ್ದು ಆಕಾಶಕ್ಕೆ ಹೋದದ್ದನ್ನು ನನ್ನ ಹಾಗೆ ಇನ್ಯಾರೂ ನೋಡಿರಲಾರರು. ಪಂಚೆಗಳು ರೆಕ್ಕೆಗೆ ಸುತ್ತಿಕೊಂಡವು. ಮುಂದಿನ ಚಕ್ರ ಮುರಿದು ತನ್ನ ಪಾಡಿಗೆ ತಾನು ಕೆರೆಯ ಕಡೆ ಉರುಳಿಕೊಂಡು ಹೋಯಿತು. ವಿಮಾನ ಅರ್ಧ ಸುತ್ತು ತಿರುಗಿ, ಮೂತಿ ನೆಲಕ್ಕೆ ಉಜ್ಜಿಕೊಂಡು ಬಂದು, ನಾನು ಹಿಟ್ಟು ಇಡುವ ಶೆಡ್ಡಿನ ಗೋಡೆಗೆ ತಲೆ ಕೊಟ್ಟು ನಿಂತಿತು. ನಾನು ಗಳು ಹಿಡಿದು ನಿಂತಲ್ಲೇ ನಿಂತಿದ್ದೆ. ಒಳಗೆ ಇರುವವರು ಸತ್ತೇ ಹೋದರೇನೋ ಅಂದುಕೊಂಡೆ.

ಬಾಗಿಲು ತೆರೆಯಿತು. ದಪ್ಪಗಿನ, ನೆರೆತ ಮೀಸೆಯ ಮನುಷ್ಯರೊಬ್ಬರು ಟೋಪಿ ಕೈಯಲ್ಲಿ ಹಿಡಿದು ಇಳಿದರು. ಹಣೆಯಲ್ಲಿ ಸ್ವಲ್ಪ ರಕ್ತ. ಬದುಕಿದ್ದಾರಲ್ಲ ಅಂತ ನನಗೆ ಜೀವ ಬಂದ ಹಾಗಾಯಿತು. ಅವರು ಸುತ್ತ ನೋಡಿ, ಕಾಲಡಿಯಿಂದ ಒಂದು ಹಪ್ಪಳ ಎತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದರು.

"ಇದು ಎಂತ ಅಮ್ಮ?"

"ಹಪ್ಪಳ."

"ರನ್‌ವೇ ಅಲ್ವಾ?"

"ಉದ್ದಿನಬೇಳೇಲಿ ರನ್‌ವೇ ಮಾಡ್ತಾರಾ ಸಾಮಿ?"

"ಮತ್ತೆ ಎರಡು ಬಿಳಿ ಗೆರೆ ಎಳೆದು, ಕೆಂಪು ಬಾವುಟ ಬೀಸಿ ಬಾ ಬಾ ಅಂತ ಯಾಕೆ ಕರೆದದ್ದು ನೀವು?"

"ಕರೆದಿದ್ದಲ್ಲ, ಓಡಿಸಿದ್ದು. ಕಾಗೆಗೂ ಅರ್ಥ ಆಗುತ್ತೆ ಅದು."

ಹೀಗೆ ಶುರುವಾಯಿತು ನಮ್ಮ ಪರಿಚಯ. ಅವರ ಹೆಸರು ಸಿಪ್ರಿಯನ್ ಮೊಂತೇರೊ. ಕರಾವಳಿಯ ಕಡೆಯವರು, ಕ್ಯಾಪ್ಟನ್. ಇನ್ನು ಎರಡು ತಿಂಗಳಿಗೆ ನಿವೃತ್ತಿ. ಒಳಗಿದ್ದದ್ದು ನಾನೂರು ಕನ್ನಡಕ. ಮುಂದಿನ ಊರಿನ ಕಣ್ಣಿನ ಶಿಬಿರದಲ್ಲಿ ಆಪರೇಷನ್ ಮಾಡಿಸಿಕೊಂಡವರು ಅದಕ್ಕಾಗಿ ಕಾಯುತ್ತಿದ್ದರು. ಒಂದೂ ಒಡೆದಿರಲಿಲ್ಲ. ಒಂದು ಗಂಟೆಯ ಬಸ್ಸಿನ ಕಂಡಕ್ಟರು ಪೆಟ್ಟಿಗೆಗಳನ್ನೆಲ್ಲ ಹಾಕಿಕೊಂಡು ಹೋದ. ಕ್ಯಾಪ್ಟನ್ನರ ಹಣೆಗೆ ಅರಿಶಿನ ಒತ್ತಿ ಪಟ್ಟಿ ಕಟ್ಟಿದವಳು ನಾನೇ. ಕಟ್ಟುತ್ತಿರುವಷ್ಟು ಹೊತ್ತೂ ಅವರು ತಪ್ಪು ನಿಮ್ಮದು ಅಂದರು, ನಾನು ನಿಮ್ಮದೇ ಅಂದೆ.

"ಇಂಜಿನ್ ಕೆಟ್ಟದ್ದು ನನ್ನ ತಪ್ಪಲ್ಲ, ನಿಮ್ಮದೂ ಅಲ್ಲ," ಅಂದರು ಅವರು. "ಆದ್ರೆ ಇಳಿಯುವ ಜಾಗ ತಪ್ಪಿಸಿದ್ದು ನೀವು."

"ಪಕ್ಕದಲ್ಲಿ ಇಡೀ ಕೆರೆಯಂಗಳ ಇತ್ತಲ್ಲ ಸಾರ್, ಅದು ಕಾಣಲಿಲ್ವಾ?"

"ಕಂಡಿತು. ಅದರಲ್ಲಿ ನೀರು ಉಂಟು ಅಂತ ಕಂಡಿತು."

"ನಾಲ್ಕು ವರ್ಷದಿಂದ ನೀರಿಲ್ಲ ಅದರಲ್ಲಿ."

"ಅದು ಮೇಲಿದ್ದವನಿಗೆ ಗೊತ್ತಾಗುದು ಹೇಗೆ?"

ಮರುದಿನ ಬೆಳಗ್ಗೆ ಅವರು ಬಸ್ಸು ಹತ್ತಿದರು. ವಿಮಾನವನ್ನು ಕಂಪನಿಯವರು ಬಿಚ್ಚಿ ಲಾರಿಯಲ್ಲಿ ಒಯ್ಯುತ್ತಾರಂತೆ, ತನಗಿಲ್ಲಿ ಇನ್ನೇನೂ ಕೆಲಸವಿಲ್ಲ ಅಂದರು. ಚೆನ್ನವೀರಪ್ಪನವರು ನಮ್ಮ ಕಲ್ಲಿನ ವಿಷಯ ತಿಳಿಸಿ ಹೇಳಿದರು. ಕ್ಯಾಪ್ಟನ್ನರು ಅದನ್ನು ಹಳ್ಳಿಯವರ ಮಾತು ಅಂತ ಮೀಸೆಯಲ್ಲೇ ನಕ್ಕು, ಮುಂದಿನ ಸೀಟಿನಲ್ಲಿ ಕೂತು "ಆಯ್ತು, ಬರ್ತೇನೆ" ಅಂದರು. ಬಸ್ಸು ಕಲ್ಲು ದಾಟಿತು. ಅವರು ಸೂಟ್‌ಕೇಸಿನ ಸಮೇತ ಕಲ್ಲಿನ ಈಚೆ ರಸ್ತೆಯ ನಡುವೆ ನಿಂತಿದ್ದರು. ಹೇಗೆ ಇಳಿದರು ಅಂತ ಅವರಿಗೂ ಗೊತ್ತಿಲ್ಲ, ಕಂಡಕ್ಟರಿಗೂ ಗೊತ್ತಿಲ್ಲ.

ಕಲ್ಲಿನ ಪಕ್ಕದಲ್ಲಿ ಟೀ ಅಂಗಡಿ ಇಟ್ಟಿರುವ ಬೋರಲಿಂಗ ಇಂಥದ್ದನ್ನೆಲ್ಲ ಎಷ್ಟೋ ನೋಡಿದವನು. ಬೆಂಚು ಒರೆಸಿ, "ಕೂತ್ಕಳಿ ಸಾರ್. ಮೊದಲನೇ ದಿನ ಎಲ್ಲರಿಗೂ ಹಿಂಗೇ ಆಗುತ್ತೆ," ಅಂತ ಟೀ ಕೊಟ್ಟ.

ಕ್ಯಾಪ್ಟನ್ನರು ನಡೆದುಕೊಂಡು ದಾಟಲು ನೋಡಿದರು. ಓಡಿ ನೋಡಿದರು. ಸುತ್ತು ಹಾಕಿ ಕಳ್ಳಿಯ ಬೇಲಿ ನುಗ್ಗಿ ಪ್ಯಾಂಟು ಹರಿದುಕೊಂಡರು. ಮಧ್ಯಾಹ್ನದ ಹೊತ್ತಿಗೆ ಬೆವರಿ ಬಂದು ಬೆಂಚಿನ ಮೇಲೆ ಕೂತು, ಶನಿವಾರ ಸಂಜೆ ಮಗಳ ರೋಸ್ ಅಂದರು. ಏನದು ಅಂತ ಕೇಳಿದೆವು. ಮದುವೆಯ ಹಿಂದಿನ ದಿನ ಮಗಳ ತಲೆಗೆ ತೆಂಗಿನ ಹಾಲು ಎರೆಯುವ ಶಾಸ್ತ್ರವಂತೆ, ಮೊದಲ ಕೈ ಅಪ್ಪ ಅಮ್ಮನದೇ ಆಗಬೇಕಂತೆ. ಒಬ್ಬಳೇ ಮಗಳು. ಇಲ್ಲಿಂದ ಅವರ ಊರಿಗೆ ಒಂದು ದಿನಕ್ಕೂ ಮೇಲಿನ ದಾರಿ.

"ಹಾಗಾದ್ರೆ ಮನಸ್ಸಿಟ್ಟು ಒಂದ್ಸಲ ಬರ್ತೀನಿ ಅಂದುಬಿಡಿ ಸಾರ್," ಅಂದ ಬೋರಲಿಂಗ.

"ಬಾಯಿಗೆ ಹೇಳಬಹುದು ಮಾರಾಯ. ಮನಸ್ಸಿಗೆ ಹೇಳ್ಲಿಕ್ಕೆ ಆಗ್ತದಾ? ನನಗೆ ಇಲ್ಲಿ ಬರುವ ಕೆಲಸ ಎಂತ ಉಂಟು?"

ಅದು ನ್ಯಾಯವಾದ ಮಾತೇ. ಅಂಗಡಿಯ ಹಿಂದೆ ಹೋಗಿ ಹೆಂಡತಿಗೆ ಫೋನು ಮಾಡಿದರು. ಆ ಕಡೆಯ ಮಾತು ನಮಗೂ ಕೇಳಿಸುವಷ್ಟಿತ್ತು. ಊರು ಬಿಡುತ್ತಿಲ್ಲ ಅಂದರೆ ಎಂತ, ಕುಡಿದಿದ್ದೀರಾ, ಶಾಮಿಯಾನದವನು ಇಲ್ಲಿ ಬಂದು ನಿಂತಿದ್ದಾನೆ, ನಾನು ಯಾರ ಹತ್ತಿರ ಹೇಳಲಿ, ಅಂತ.

ಆಗ ಊರವರು ಸೇರಿ ತೀರ್ಮಾನ ಮಾಡಿದರು: ಶುಕ್ರವಾರದೊಳಗೆ ಕ್ಯಾಪ್ಟನ್ನರಿಗೆ ಈ ಊರಿನ ಮೇಲೆ ಆಸೆ ಹುಟ್ಟಿಸಬೇಕು. ಅದಕ್ಕೆ ಚೆನ್ನವೀರಪ್ಪನವರೇ ಮುಂದಾಳು. "ನಾನಂತೂ ಹೋಗಲಿಲ್ಲ, ನಿಮ್ಮನ್ನಾದರೂ ಕಳಿಸ್ತೀನಿ," ಅಂತ ತಮ್ಮ ಮನೆಯಲ್ಲೇ ಇಳಿಸಿಕೊಂಡರು. ಬುಧವಾರ ಅವರನ್ನು ಗುಡ್ಡದ ಮೇಲಿನ ಜೋಡಿಬಂಡೆಗೆ ಕರೆದೊಯ್ದರು. ಅಲ್ಲಿಂದ ಸೂರ್ಯ ಮುಳುಗುವುದನ್ನು ನೋಡಲು ಜನ ದೂರದಿಂದ ಬರುತ್ತಾರೆ ಅಂತ ನಾವು ಹೇಳಿಕೊಳ್ಳುತ್ತೇವೆ, ಬಂದವರನ್ನು ಯಾರೂ ನೋಡಿಲ್ಲ. ಕ್ಯಾಪ್ಟನ್ನರು ಸೊಂಟಕ್ಕೆ ಕೈ ಕೊಟ್ಟು ನೋಡಿ, "ಚೆಂದ ಉಂಟು. ಒಮ್ಮೆ ನೋಡಿದ್ದು ಸಾಕು," ಅಂದರು. ಗುರುವಾರ ನಾಲ್ಕು ಮನೆಯಲ್ಲಿ ನಾಲ್ಕು ಹೊತ್ತು ಊಟ. ಹೋಳಿಗೆ ತಿಂದರು, ಕಡುಬು ತಿಂದರು, ತಾಳಿಪಟ್ಟು ತಿಂದರು. ರುಚಿಯಾಯಿತಾ ಅಂದರೆ, "ತುಂಬ ರುಚಿ. ಆದರೆ ನನ್ನ ಹೆಂಡತಿ ಇದಕ್ಕಿಂತ ಚಂದ ಮಾಡ್ತಾಳೆ." ಹೊಗಳಿಕೆಗಾದರೂ ಒಂದು ಸುಳ್ಳು ಹೇಳುವ ಮನುಷ್ಯರಲ್ಲ ಅವರು. ಶಾಲೆಯ ಮಕ್ಕಳಿಂದ ಹಾಡಿಸಿದರು. ಭಜನಾಮಂಡಳಿಯವರು ಎರಡು ಗಂಟೆ ಭಜನೆ ಮಾಡಿದರು; ಅದಾದ ಮೇಲೆ ಕ್ಯಾಪ್ಟನ್ನರಿಗೆ ಇಲ್ಲಿಂದ ಹೋಗುವ ಆಸೆ ಮೊದಲಿಗಿಂತ ಹೆಚ್ಚಾಯಿತು.

ನಾನು ಈ ಯಾವುದಕ್ಕೂ ಹೋಗಲಿಲ್ಲ. ಬಯಲಿನಲ್ಲಿ ವಿಮಾನ ಬಿದ್ದಿತ್ತು, ಗೋಡೆ ಬಿದ್ದಿತ್ತು, ಹೊಸದಾಗಿ ಹಿಟ್ಟು ನಾದಬೇಕಿತ್ತು. ಕಂಪನಿಯಿಂದ ಬಂದ ಇಬ್ಬರು ಮೆಕ್ಯಾನಿಕ್‌ಗಳು ದಿನವೂ ಸ್ಪಾನರೋ ಮೊಳೆಯೋ ಮರೆತು ಹೋಗುತ್ತಿದ್ದರು, ಹಾಗಾಗಿ ಕಲ್ಲಿನ ಹತ್ತಿರ ಅವರಿಗೇನೂ ತೊಂದರೆಯಾಗಲಿಲ್ಲ. ಕ್ಯಾಪ್ಟನ್ನರು ಮಾತ್ರ ಊಟ ಊಟದ ನಡುವೆ ಬಯಲಿಗೆ ಬರುತ್ತಿದ್ದರು. ವಿಮಾನ ನೋಡುವ ನೆಪ. ನಾನು ಹಪ್ಪಳ ಲಟ್ಟಿಸುತ್ತಿದ್ದರೆ ಎದುರಿಗೆ ಬಿದ್ದ ಗೋಡೆಯ ಕಲ್ಲೊಂದರ ಮೇಲೆ ಕೂರುವರು.

"ಸಾಲು ಹಾಸುವಾಗ ಸ್ವಲ್ಪ ಓರೆ ಹಾಸಿದ್ರೆ ನಾನು ಇಳಿಯುತ್ತಿರಲಿಲ್ಲ," ಅನ್ನುವರು.

"ನಾನು ಓರೆ ಹಾಸಲ್ಲ. ನಮ್ಮತ್ತೆ ಕಲಿಸಿರೋದು ನೆಟ್ಟಗೆ."

"ಅದೇ ನಿಮ್ಮ ತಪ್ಪು."

ನನ್ನ ಹಿಟ್ಟಿಗೆ ಕೋಪದ ಬಲ ಸೇರಿ ಹಪ್ಪಳ ಎಂದಿಲ್ಲದಷ್ಟು ತೆಳುವಾಗಿ ಬರುತ್ತಿದ್ದವು.

ಶುಕ್ರವಾರ ಮಧ್ಯಾಹ್ನದ ಬಸ್ಸು ತಪ್ಪಿದರೆ ಶಾಸ್ತ್ರಕ್ಕೆ ಮುಟ್ಟುವಂತಿರಲಿಲ್ಲ. ಊರಿಗೆ ಊರೇ ಕಲ್ಲಿನ ಹತ್ತಿರ ಸೇರಿತ್ತು. ಡ್ರೈವರು ಬಸ್ಸನ್ನು ಗಡಿಯಾಚೆ ನಿಲ್ಲಿಸಿ, ಇಂಜಿನ್ ಆರಿಸದೆ ಕಾಯುತ್ತಿದ್ದ. ಕ್ಯಾಪ್ಟನ್ನರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು, ಕಣ್ಣು ಮುಚ್ಚಿ "ಬರ್ತೇನೆ" ಅಂದು ಕಾಲು ಎತ್ತಿದರು. ಅಲ್ಲೇ ಇಳಿಯಿತು. ಇನ್ನೊಂದು ಸಲ. ಮತ್ತೊಂದು ಸಲ. ನಾಲ್ಕನೆಯ ಸಲಕ್ಕೆ ಅವರು ಕಣ್ಣು ತೆರೆಯಲಿಲ್ಲ. ಗಡಿಕಲ್ಲಿನ ಮೇಲೆ ಕುಸಿದು ಕೂತರು. ದೊಡ್ಡ ಗಾತ್ರದ ಮನುಷ್ಯ, ಭುಜ ಮಾತ್ರ ಅಲುಗುತ್ತಿತ್ತು. ಚೆನ್ನವೀರಪ್ಪನವರು ಆಚೆ ಮುಖ ತಿರುಗಿಸಿಕೊಂಡರು.

ನಾನು ಒಂದು ಕಟ್ಟು ಹಪ್ಪಳ ತಂದಿದ್ದೆ. ಎಷ್ಟು ಜಗಳವಿದ್ದರೂ ಮದುವೆಮನೆಗೆ ಬರಿಗೈಯಲ್ಲಿ ಕಳಿಸುವುದು ನನಗೆ ಒಗ್ಗುವುದಿಲ್ಲ. ಹೋಗುತ್ತಾರೋ ಬಿಡುತ್ತಾರೋ, ತಂದದ್ದು ಕೊಟ್ಟುಬಿಡೋಣ ಅಂತ ಮುಂದೆ ಹೋದೆ.

"ತಗಳಿ ಸಾರ್. ಮಗಳಿಗೆ ನಮ್ಮೂರಿನದು ಅಂತ ಹೇಳಿ."

ಅವರು ಕಟ್ಟು ಬಿಚ್ಚಿ ಒಂದು ಹಪ್ಪಳ ತೆಗೆದರು. ಬಿಸಿಲಿಗೆ ಹಿಡಿದು ನೋಡಿದರು. ಮೂಗು ಎಳೆದುಕೊಂಡು, "ನೋಡಿ, ಎಷ್ಟು ಬೆಳ್ಳಗೆ," ಅಂದರು. "ಸಾವಿರ ಅಡಿ ಮೇಲಿಂದ ಇದು ಸುಣ್ಣದ ಗೆರೆ ಹಾಗೆಯೇ ಕಾಣ್ತದೆ. ಯಾವ ಪೈಲಟನ್ನು ಬೇಕಾದ್ರೂ ಕೇಳಿ."

ಅಳುವ ಮನುಷ್ಯ ಅಂತ ನಾನು ಸುಮ್ಮನಿರಬೇಕಿತ್ತು. ಆಗಲಿಲ್ಲ.

"ಈ ಹೊತ್ತಲ್ಲೂ ಅದೇ ಮಾತಾ ಸಾರ್? ಕಾಗೆ ದಿನಾ ನೋಡ್ತವೆ ಮೇಲಿಂದ. ಒಂದು ಕಾಗೆಯಾದ್ರೂ ರನ್‌ವೇ ಅಂದ್ಕಂಡು ಉರುಳಿಬಿದ್ದಿದ್ದನ್ನ ನಾನು ಕಾಣೆ."

"ಕಾಗೆಗೆ ಇಂಜಿನ್ ಕೆಡುದಿಲ್ಲ ಅಮ್ಮ."

"ಇಂಜಿನ್ ಕೆಟ್ಟರೆ ಕಣ್ಣೂ ಕೆಡುತ್ತಾ?"

ಅವರು ಎದ್ದರು. ಮುಖ ಕೆಂಪಾಗಿತ್ತು. "ನೋಡಿ, ನಾನು ಲೆಕ್ಕ ತೋರಿಸ್ತೇನೆ. ಇದು ನಿಮ್ಮ ಸಾಲಿನ ಬಾಯಿ ಅಂತ ಇಟ್ಟುಕೊಳ್ಳಿ." ಬೆಂಚಿನಿಂದ ಶುರುಮಾಡಿ ಹೆಜ್ಜೆ ಅಳೆಯತೊಡಗಿದರು. ನನ್ನ ಕಡೆಗೇ ಮುಖ, ಬೆರಳು ಎತ್ತಿಕೊಂಡು, ಹಿಂದೆ ಹಿಂದೆ ಹೆಜ್ಜೆ. "ನಾನು ಚಕ್ರ ಮುಟ್ಟಿಸಿದ್ದು ಇಲ್ಲಿ. ನೀವು ಬಾವುಟ ಬೀಸಿದ್ದು ಅಲ್ಲಿ. ಇಲ್ಲಿಂದ ನಿಮ್ಮ ಕೆರೆ ಯಾವ ದಿಕ್ಕಿಗೆ ಬಂತು ಹೇಳಿ."

"ಎಡಕ್ಕೆ."

"ಬಲಕ್ಕೆ."

"ನಲವತ್ತು ವರ್ಷದಿಂದ ಇದ್ದೀನಿ ನಾನು, ನನಗೆ ಗೊತ್ತಿಲ್ವಾ ಕೆರೆ ಎಲ್ಲಿದೆ ಅಂತ?"

"ನಾನು ಟೇಪು ತಕ್ಕೊಂಡು ಬರ್ತೇನೆ. ದಿಕ್ಸೂಚಿ ತಕ್ಕೊಂಡು ಬರ್ತೇನೆ. ಒಂದೊಂದು ಅಡಿ ಅಳೆದು, ನಿಮ್ಮ ಬಾಯಿಂದಲೇ ಹೌದು ಅನ್ನಿಸದಿದ್ರೆ ನನ್ನ ಹೆಸರು ಮೊಂತೇರೊ ಅಲ್ಲ."

ನಾನು ಉತ್ತರಕ್ಕೆ ಬಾಯಿ ತೆರೆದೆ. ಯಾಕೋ ಸುತ್ತಲೂ ತೀರಾ ನಿಶ್ಶಬ್ದವಾಗಿತ್ತು. ಕ್ಯಾಪ್ಟನ್ನರು ಗಡಿಕಲ್ಲಿನಿಂದ ಆರು ಹೆಜ್ಜೆ ಆಚೆ ನಿಂತು ನನ್ನ ಕಡೆ ಬೆರಳು ಅಲುಗಿಸುತ್ತಿದ್ದರು. ಬೋರಲಿಂಗ ಹಿಂದಿನಿಂದ ಮೆಲ್ಲಗೆ, "ಸಾವಂತ್ರಕ್ಕ, ನಿಲ್ಲಿಸಬೇಡ, ಬೈತಾ ಇರು," ಅಂದ.

ಬೈದೆ. ಅವರಿಗೆ ತಾವೆಲ್ಲಿ ನಿಂತಿದ್ದೇವೆ ಅಂತ ತಿಳಿಯುವ ತನಕ, ಚೆನ್ನವೀರಪ್ಪನವರು ಸೂಟ್‌ಕೇಸನ್ನು ಕಲ್ಲಿನ ಮೇಲಿಂದ ಆಚೆ ತಳ್ಳುವ ತನಕ, ಬಸ್ಸು ತಿರುವಿನಲ್ಲಿ ಮರೆಯಾಗುವ ತನಕ ಬೈದೆ. ಸೆರಗಿನಲ್ಲಿ ಕಣ್ಣು ಒರೆಸಿಕೊಂಡದ್ದನ್ನು ಯಾರೂ ನೋಡಲಿಲ್ಲ ಅಂದುಕೊಂಡಿದ್ದೇನೆ.

ಅವರು ಮಾತು ತಪ್ಪುವವರಲ್ಲ. ಒಂದೂವರೆ ತಿಂಗಳಿಗೆ ಸರಿಯಾಗಿ ನೂರಡಿಯ ಟೇಪು, ದಿಕ್ಸೂಚಿ, ಹೆಂಡತಿ ಎಮಿಲಿಯಾ ಬಾಯಿ, ಈ ಮೂರನ್ನೂ ಕರೆತಂದರು. ಬಾಯಿಯವರು ಹೂವಿನ ಸೀರೆಯ, ಮೆಲುದನಿಯ, ಬಹಳ ಮರ್ಯಾದೆಯ ಹೆಂಗಸು. ನನ್ನ ಕೈಗೆ ಮದುವೆಯ ಕೇಕಿನ ಡಬ್ಬಿ ಕೊಟ್ಟು, "ಅಕ್ಕ, ನಿಮ್ಮ ಉಪಕಾರ ಮರೆಯುವುದಿಲ್ಲ," ಅಂದರು. ಶಾಸ್ತ್ರದ ಹೊತ್ತಿಗೆ ಹತ್ತು ನಿಮಿಷ ಇರುವಾಗ ಇವರು ಹೋಗಿ ತಲುಪಿದರಂತೆ. ತೆಂಗಿನ ಹಾಲು ಎರೆಯುವಾಗ ಮಗಳ ಕಿವಿಯಲ್ಲಿ ಹೇಳಿದ್ದು ಆಶೀರ್ವಾದವಲ್ಲವಂತೆ, ಕೆರೆ ಯಾವ ಕಡೆ ಇತ್ತು ಅನ್ನುವುದಂತೆ.

ಕ್ಯಾಪ್ಟನ್ನರು ಟೇಪು ಹಿಡಿದು ಬಯಲೆಲ್ಲ ಓಡಾಡಿದರು. ಊರವರು ಕೆರೆಯ ಏರಿಯ ಮೇಲೆ ಕೂತು ನೋಡಿದರು. ಎರಡು ಗಂಟೆ ಅಳೆದ ಮೇಲೆ ಎಮಿಲಿಯಾ ಬಾಯಿ ನನ್ನನ್ನು ಕೇಳಿದರು, "ಅಕ್ಕ, ಅವತ್ತು ಇವರು ಕನ್ನಡಕ ಹಾಕಿದ್ರಾ?"

"ಇಲ್ಲ ತಾಯಿ. ಹಣೆಗೆ ಪಟ್ಟಿ ಕಟ್ಟಿದ್ದೇ ನಾನು."

"ಅದು ಅವತ್ತು ನಮ್ಮ ಫ್ರಿಜ್ಜಿನ ಮೇಲೆ ಇತ್ತು. ನಾನೂರು ಜನರ ಕನ್ನಡಕ ಹೊತ್ತವರು ತಮ್ಮದನ್ನು ಬಿಟ್ಟು ಹೋಗಿದ್ರು. ಅದಿಲ್ಲದೆ ಇವರಿಗೆ ಇಗರ್ಜಿಯಲ್ಲಿ ಪಾದ್ರಿ ಯಾರು ಅಂತ ಕಾಣುದಿಲ್ಲ."

ಬಯಲಿನ ನಡುವೆ ಕ್ಯಾಪ್ಟನ್ನರು ಟೇಪು ಸುತ್ತುವುದನ್ನು ನಿಲ್ಲಿಸಿದರು. ಬಹಳ ಹೊತ್ತು ದಿಕ್ಸೂಚಿಯನ್ನೇ ನೋಡುತ್ತಿದ್ದರು. ಆಮೇಲೆ ನನ್ನ ಹತ್ತಿರ ಬಂದು, "ಕೆರೆ ಎಡಕ್ಕೆ ಉಂಟು," ಅಂದರು. ಅಷ್ಟೇ ಅಂದದ್ದು. ಗೆದ್ದವಳು ನಾನು, ಆದರೆ ಗೆದ್ದ ಖುಷಿ ಆಗಬೇಕಾದಷ್ಟು ಆಗಲಿಲ್ಲ. ಚೆನ್ನವೀರಪ್ಪನವರು ನನ್ನ ಕಿವಿಯಲ್ಲಿ, "ಜಗಳ ಮುಗೀತಲ್ಲಮ್ಮ, ಇನ್ನು ಇವರು ಹೋಗೋದು ಹೇಗೆ?" ಅಂದರು. ನನಗೂ ಅದೇ ಯೋಚನೆ ಕೊರೆಯುತ್ತಿತ್ತು.

ಸಂಜೆಯ ಬಸ್ಸಿಗೆ ಎಲ್ಲರೂ ಕಲ್ಲಿನವರೆಗೆ ಹೋದೆವು. ಕ್ಯಾಪ್ಟನ್ನರು ಟೋಪಿ ಸರಿಮಾಡಿಕೊಂಡು, ಕಣ್ಣು ಕೂಡ ಮುಚ್ಚದೆ, "ಬರ್ತೇನೆ ಅಮ್ಮ," ಅಂದು ಕಾಲಿಟ್ಟರು. ಕಾಲು ಸರಾಗವಾಗಿ ಆಚೆ ಹೋಯಿತು. ಆಚೆ ನಿಂತು ತಮ್ಮ ಬೂಟುಗಳನ್ನು ತಾವೇ ನೋಡಿಕೊಂಡರು.

"ಎಂತಕ್ಕೆ ಅಂತ ಕೇಳಬೇಡಿ ಮಾರಾಯ್ರೆ," ಅಂದರು. "ನನಗೂ ಗೊತ್ತಿಲ್ಲ."

ಎಮಿಲಿಯಾ ಬಾಯಿ ನನ್ನ ಎರಡೂ ಕೈ ಹಿಡಿದು, "ಎಷ್ಟು ಒಳ್ಳೆಯ ಊರು ಅಕ್ಕ, ಎಷ್ಟು ಒಳ್ಳೆಯ ಜನ. ಖಂಡಿತ ಇನ್ನೊಮ್ಮೆ ಬರ್ತೇನೆ," ಅಂತ ಮುದ್ದಾಗಿ ನಕ್ಕು, ಸೀರೆಯ ನಿರಿಗೆ ಎತ್ತಿ ಹಿಡಿದು ಹೆಜ್ಜೆ ಇಟ್ಟರು. ಹೆಜ್ಜೆ ಎತ್ತಿದಲ್ಲೇ ಇಳಿಯಿತು. ಇನ್ನೊಮ್ಮೆ ಇಟ್ಟರು. ಅವರ ಮುಖ ನಿಧಾನಕ್ಕೆ ಕೆಂಪೇರಿತು. ಆಕಾಶ ನೋಡುವವರು ಆಕಾಶ ನೋಡಿದೆವು, ಬೋರಲಿಂಗ ತೊಳೆದ ಲೋಟಗಳನ್ನೇ ಮತ್ತೆ ತೊಳೆದ.

"ಧೂಳು ಸ್ವಲ್ಪ ಜಾಸ್ತಿ ಆಯ್ತು ಅಂತ ಅನಿಸಿತ್ತು, ಅಷ್ಟೇ," ಅಂದರು ಬಾಯಿಯವರು, ಯಾರ ಮುಖವನ್ನೂ ನೋಡದೆ.

ಆಚೆ ಕ್ಯಾಪ್ಟನ್ನರು ನಗಬಾರದು ಅಂತ ಮೀಸೆ ಕಚ್ಚಿಕೊಂಡಿದ್ದರು. ಬಸ್ಸಿನವನಿಗೆ ಹೋಗು ಅಂತ ಕೈ ಮಾಡಿ, ಸೂಟ್‌ಕೇಸು ಎತ್ತಿಕೊಂಡು ಕಲ್ಲು ದಾಟಿ ಒಳಗೆ ಬಂದರು. ಬರ್ತೇನೆ ಅಂದು ಎರಡು ನಿಮಿಷವೂ ಆಗಿರಲಿಲ್ಲ. ಇಷ್ಟು ಬೇಗ ಮಾತು ಉಳಿಸಿಕೊಂಡವರನ್ನು ನಮ್ಮ ಊರು ಅದುವರೆಗೆ ಕಂಡಿರಲಿಲ್ಲ. ಹೆಂಡತಿಯ ಪಕ್ಕ ನಿಂತು, ಅವರ ಕೈಯಲ್ಲಿದ್ದ ಚೀಲ ತಾವು ತೆಗೆದುಕೊಂಡರು.

ನಾನು ಮುಂದೆ ನಡೆದೆ, ಅವರಿಬ್ಬರೂ ಹಿಂದೆ. ದಾರಿಯಲ್ಲಿ ಬಾಯಿಯವರು ಎರಡು ಸಲ ನಿಟ್ಟುಸಿರು ಬಿಟ್ಟರು. ಮನೆ ಹತ್ತಿರವಾದಾಗ ಮೆಲ್ಲಗೆ ಕೇಳಿದರು, "ಅಕ್ಕ, ರಾತ್ರಿಗೆ ಎಂತ ಅಡುಗೆ?"

"ಸೊಪ್ಪಿನ ಸಾರು. ಹಪ್ಪಳ ಸುಡ್ತೀನಿ."

"ಸುಡುದಾ?" ಅಂದರು ಅವರು, ನಿಂತೇಬಿಟ್ಟು. ಬೆಳಗಿನಿಂದ ಇದ್ದ ಮೆಲುದನಿ ಹೋಗಿತ್ತು. "ಹಪ್ಪಳ ಯಾರಾದ್ರೂ ಸುಡ್ತಾರಾ? ತೆಂಗಿನೆಣ್ಣೆಯಲ್ಲಿ ಕರಿಯಬೇಕು. ಒಲೆ ನನಗೆ ಬಿಡಿ, ನಾನು ತೋರಿಸ್ತೇನೆ."

ಕ್ಯಾಪ್ಟನ್ನರು ನನ್ನ ಕಡೆ ನೋಡಿದರು. ನಾನು ಬಾಗಿಲು ತೆಗೆದು, ಒಲೆಯ ಮುಂದಿನ ಮಣೆಯನ್ನು ಕಾಲಿನಿಂದ ನನ್ನ ಕಡೆಗೆ ಎಳೆದುಕೊಂಡೆ.

"ನಮ್ಮನೇಲಿ ಸುಡೋದೇ," ಅಂದೆ.